ಹೊಳಲ್ಕೆರೆಗೆ ಬರುವ ಜಪಾನಿನ ಡಿಸ್ಕು

ಬೆಂಗಳೂರಿನಿಂದ ತುಮಕೂರು, ಶಿರಾ, ಹಿರಿಯೂರುಗಳನ್ನು ಹಾದು ಚಿತ್ರದುರ್ಗಕ್ಕೆ ಬಂದ ಪ್ರವಾಸಿಗನು ಸಾಮಾನ್ಯವಾಗಿ ಕೋಟೆಯನ್ನು ಹತ್ತಿ ಇಳಿದು, ಓಬವ್ವನ ಕಿಂಡಿಯ ಮುಂದೆ ನಿಂತು ಭಾವಚಿತ್ರ ತೆಗೆಸಿಕೊಂಡು, ಬಂದ ದಾರಿಯಲ್ಲಿಯೇ ಹಿಂದಿರುಗುತ್ತಾನೆ. ಶಿವಮೊಗ್ಗದ ಹೆದ್ದಾರಿಯನ್ನು ಹಿಡಿದು ಇನ್ನು ಮೂವತ್ತು ಕಿಲೋಮೀಟರುಗಳಷ್ಟು ಮುಂದುವರಿಯುವ ವ್ಯವಧಾನವುಳ್ಳವನಿಗೆ ಹೊಳಲ್ಕೆರೆ ಸಿಕ್ಕುತ್ತದೆ. ಬಂಡೆಗಳ ನಾಡು ಹಿಂದೆ ಸರಿದು, ಮೆಕ್ಕೆಜೋಳದ ಹೊಲಗಳ ನಡುವೆ ಅಲ್ಲಲ್ಲಿ ಅಡಿಕೆಯ ತೋಟಗಳು ತಲೆಯೆತ್ತಿ ನಿಲ್ಲುವ ಸೀಮೆ ಇದು. ರೈಲಿನಲ್ಲಿ ಬರುವವರು ಬೆಂಗಳೂರು-ಹುಬ್ಬಳ್ಳಿ ಮಾರ್ಗದ ಚಿಕ್ಕಜಾಜೂರಿನಲ್ಲಿ ಇಳಿದು, ಚಿತ್ರದುರ್ಗದ ಕವಲು ಹಾದಿಯ ಗಾಡಿಯನ್ನು ಕಾಯಬೇಕು. ಕಾಯುವುದನ್ನು ಕಲಿಸುವ ಊರೆಂದರೆ ತಪ್ಪಾಗದು.

ಊರಿನ ಹೆಗ್ಗುರುತು ಬಯಲು ಗಣಪತಿ. ಆಳೆತ್ತರವನ್ನು ಮೀರಿದ ವಿಗ್ರಹ. ತಲೆಯ ಮೇಲೆ ಚಾವಣಿಯಿಲ್ಲ. ಶತಮಾನಗಳಿಂದ ಬಿಸಿಲು ಮಳೆಗಳಿಗೆ ಮೈಯೊಡ್ಡಿಕೊಂಡು ಕುಳಿತಿರುವ ಈ ದೇವರಿಗೆ ಬಯಲೇ ಆಲಯ. ತಾಲ್ಲೂಕಿನ ಇನ್ನೊಂದು ಪ್ರಸಿದ್ಧ ಸ್ಥಳ ಮಲ್ಲಾಡಿಹಳ್ಳಿ. ಅಲ್ಲಿ ಅನಾಥಸೇವಾಶ್ರಮವನ್ನು ಕಟ್ಟಿ ಬೆಳೆಸಿ, ‘ತಿರುಕ’ ಎಂಬ ಹೆಸರಿನಿಂದ ಬರೆಯುತ್ತಿದ್ದ ರಾಘವೇಂದ್ರ ಸ್ವಾಮೀಜಿಯವರು 1996ರಲ್ಲಿ ಕಾಲವಾದರು. ಇವೆಲ್ಲವೂ ಪ್ರವಾಸದ ಪುಸ್ತಕಗಳಲ್ಲಿ ಸಿಗುವ ಸಂಗತಿಗಳು. ಅವುಗಳಲ್ಲಿ ಕಾಣದ ಒಂದು ಸಂಗತಿಯೆಂದರೆ, ಇಂಥ ಊರಿಗೆ ಟೋಕಿಯೋದಿಂದ ಹೊರಟ ಒಂದು ಪುಟ್ಟ ಪೊಟ್ಟಣವು ಬಂದು ಮುಟ್ಟಲು ಎಷ್ಟು ದುಡ್ಡು ಬೇಕಾಗುತ್ತದೆ ಎಂಬುದು.

ಪೊಟ್ಟಣದಲ್ಲಿರುವುದು ಜಪಾನೀಯರ ಚಲಿಸುವ ಚಿತ್ರಕಥೆ. ಅದಕ್ಕೆ ಅನಿಮೆ ಎಂದು ಹೆಸರು. ಹೆಸರು ಹೊಸದೆನಿಸಿದರೂ ಕನ್ನಡದ ಮನೆಗಳಿಗೆ ಈ ಅತಿಥಿ ಹೊಸಬನಲ್ಲ. 1989ರಲ್ಲಿ ನಿಪ್ಪಾನ್ ಅನಿಮೇಷನ್ ಸಂಸ್ಥೆಯು ತಯಾರಿಸಿದ ‘ಜಂಗಲ್ ಬುಕ್’ ಧಾರಾವಾಹಿಯನ್ನು 1993ರ ಸುಮಾರಿಗೆ ದೂರದರ್ಶನವು ಹಿಂದಿಯಲ್ಲಿ ತೋರಿಸಿದಾಗ, ಮೋಗ್ಲಿಯು ಜಪಾನಿನಲ್ಲಿ ಬರೆಯಲ್ಪಟ್ಟವನೆಂದು ಎಷ್ಟು ಮಂದಿಗೆ ತಿಳಿದಿತ್ತು? ಮಕ್ಕಳೆಲ್ಲ ಅವನನ್ನು ನಮ್ಮ ಕಾಡಿನವನೆಂದೇ ನಂಬಿದ್ದರು. ಆಮೇಲೆ ಕೇಬಲ್ಲಿನ ಕಾಲ. 2003ರಲ್ಲಿ ಪೋಕೆಮಾನ್ ಬಂತು; ಅದರ ಹಿಂದೆಯೇ ಡೋರೇಮಾನ್ ಬಂತು, ಶಿನ್ ಚಾನ್ ಬಂದನು. ಅನಿಮೆಗಾಗಿಯೇ ಮೀಸಲಾದ ಅನಿಮ್ಯಾಕ್ಸ್ ವಾಹಿನಿಯು 2004ರಲ್ಲಿ ಭಾರತದಲ್ಲಿ ಆರಂಭವಾಗಿ 2017ರಲ್ಲಿ ಮುಚ್ಚಿಹೋಯಿತು. ಶಾಲೆಯಲ್ಲಿ ಹಿಂದಿಯ ಪಾಠಕ್ಕೆ ಬೆನ್ನು ತೋರಿಸುತ್ತಿದ್ದ ಎಷ್ಟೋ ಹುಡುಗರು ಡೋರೇಮಾನಿನ ಮುಂದೆ ಕುಳಿತು ಹಿಂದಿಯನ್ನು ಕಲಿತುಬಿಟ್ಟರು.

ಕನ್ನಡದಲ್ಲಿ ಕಲಿಯಬಹುದಾಗಿದ್ದುದನ್ನು ಹಿಂದಿಯಲ್ಲಿ ಕಲಿತರು ಎಂದು ಹೇಳುವವರೂ ಉಂಟು. ಆ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಜೋಡಿಸುವುದಕ್ಕೆ ನಾಡಿನ ಚಿತ್ರೋದ್ಯಮವು ದಶಕಗಳ ಕಾಲ ಅಡ್ಡ ನಿಂತಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಆ ತಡೆಯ ವಿರುದ್ಧ ಆದೇಶ ನೀಡಿತು. ಆದರೂ ಅಭ್ಯಾಸವು ಆದೇಶದಷ್ಟು ಬೇಗ ಬದಲಾಗುವುದಿಲ್ಲ. ಯೂಗೋ ಸಾಕೋ ಅವರೂ ನಮ್ಮ ರಾಮಮೋಹನರೂ ಕೂಡಿ 1992ರಲ್ಲಿ ಮುಗಿಸಿದ ರಾಮಾಯಣದ ಅನಿಮೆ ಚಿತ್ರವು 2025ರ ಜನವರಿ 24ರಂದು ಭಾರತದ ಚಿತ್ರಮಂದಿರಗಳಿಗೆ ಹೊಸ ಹೊಳಪಿನಿಂದ ಬಂದಾಗ, ಹಿಂದಿ, ತಮಿಳು, ತೆಲುಗು, ಇಂಗ್ಲಿಷುಗಳಲ್ಲಿ ಮಾತನಾಡಿದ ರಾಮನು ಕನ್ನಡದಲ್ಲಿ ಮಾತನಾಡಲಿಲ್ಲ.

ಹೀಗೆ ಕಿವಿಗೆ ಪರಕೀಯವಾಗಿದ್ದರೂ ಕಣ್ಣಿಗೆ ಆಪ್ತವಾದ ಈ ಕಲೆಯನ್ನು ಬಾಲ್ಯದಲ್ಲಿ ನೋಡಿ ಬೆಳೆದವರು ಈಗ ಸಂಬಳ ಎಣಿಸುವ ವಯಸ್ಸಿಗೆ ಬಂದಿದ್ದಾರೆ. ನೋಡಿದ್ದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕು ಎಂಬ ಆಸೆ ಇವರಲ್ಲಿ ಕೆಲವರಿಗೆ ಹುಟ್ಟುತ್ತದೆ. ಕೆಲವರಿಗೆ ಮಾತ್ರ, ಉಳಿದವರು ಫೋನಿನಲ್ಲಿ ನೋಡಿ ಮರೆಯುತ್ತಾರೆ, ಸುಖವಾಗಿರುತ್ತಾರೆ.

ಇಟ್ಟುಕೊಳ್ಳಬೇಕೆಂಬುವರ ಕಷ್ಟವು ಜಪಾನಿನಲ್ಲಿಯೇ ಆರಂಭವಾಗುತ್ತದೆ. ಚಿತ್ರಮಂದಿರಕ್ಕೂ ಹೋಗದೆ, ದೂರದರ್ಶನಕ್ಕೂ ಹೋಗದೆ, ನೇರವಾಗಿ ವಿಡಿಯೋ ರೂಪದಲ್ಲಿ ಮನೆಗೆ ಮಾರಲು ತಯಾರಾದ ಮೊದಲ ಅನಿಮೆ ‘ಡಾಲೋಸ್’ ಹೊರಬಂದದ್ದು 1983ರ ಡಿಸೆಂಬರಿನಲ್ಲಿ. ಆ ಕಾಲಕ್ಕೆ ಅಲ್ಲಿ ಕ್ಯಾಸೆಟ್ಟು ದುಬಾರಿ ವಸ್ತು. ಬಾಡಿಗೆಯ ಅಂಗಡಿಯವನು ಒಂದನ್ನು ಕೊಂಡು ನೂರು ಮಂದಿಗೆ ಕೊಡುತ್ತಾನೆಂಬ ಲೆಕ್ಕದಲ್ಲಿಯೇ ಬೆಲೆ ಕಟ್ಟುತ್ತಿದ್ದರು. ಕ್ಯಾಸೆಟ್ಟು ಹೋಗಿ ಡಿವಿಡಿ ಬಂದರೂ, ಅದು ಹೋಗಿ ಬ್ಲೂ-ರೇ ಬಂದರೂ ಆ ಬೆಲೆಯ ಪದ್ಧತಿ ಹೋಗಲಿಲ್ಲ. ನಡುರಾತ್ರಿ ಕಳೆದ ಮೇಲೆ ಪ್ರಸಾರವಾಗುವ ಒಂದು ಧಾರಾವಾಹಿಯನ್ನು ತಯಾರಿಸಿದವರು ಜಾಹೀರಾತಿನ ಹಣವನ್ನು ನೆಚ್ಚಲಾರರು. ಹಲವು ಸಂಸ್ಥೆಗಳು ಕೂಡಿ ಹಾಕಿದ ಬಂಡವಾಳವನ್ನು ಕೆಲವೇ ಸಾವಿರ ಅಭಿಮಾನಿಗಳ ಕಿಸೆಯಿಂದ ಹಿಂದಕ್ಕೆ ಪಡೆಯಬೇಕಾಗಿತ್ತು. ಆದ್ದರಿಂದ ಎರಡು ಕಂತುಗಳಿರುವ ಒಂದು ಡಿಸ್ಕಿಗೆ ಆರೇಳು ಸಾವಿರ ಯೆನ್ ಎಂಬುದು ಅಲ್ಲಿ ಮಾಮೂಲಾಯಿತು. ಕಂತೊಂದರ ಕಾಲಾವಧಿ ಇಪ್ಪತ್ನಾಲ್ಕು ನಿಮಿಷಗಳ ಆಸುಪಾಸು.

ಕೊಂಡವನಿಗೆ ಕೇವಲ ಚಿತ್ರ ಸಿಗುವುದಿಲ್ಲ ಎಂಬುದನ್ನೂ ಹೇಳಬೇಕು. ಪ್ರಸಾರದ ಅವಸರದಲ್ಲಿ ಉಳಿದುಹೋದ ಚಿತ್ರದ ದೋಷಗಳನ್ನು ಡಿಸ್ಕಿಗಾಗಿ ಕಲಾವಿದರು ತಿದ್ದಿ ಬರೆಯುವುದುಂಟು. ಅಂದವಾದ ಪೆಟ್ಟಿಗೆ, ಚಿತ್ರಗಳ ಕಿರುಹೊತ್ತಗೆ, ಕೆಲವೊಮ್ಮೆ ಹಾಡಿನ ಸಿಡಿ. ಕೆಲವು ಪೆಟ್ಟಿಗೆಗಳಲ್ಲಿ, ಕಥೆಯ ಪಾತ್ರಗಳಿಗೆ ಧ್ವನಿ ಕೊಟ್ಟವರು ಬರುವ ಸಮಾರಂಭದ ಟಿಕೆಟ್ಟಿಗೆ ಚೀಟಿ ಎತ್ತುವ ಅರ್ಜಿಯೂ ಇರುತ್ತದೆ. ಹೊಳಲ್ಕೆರೆಯ ಅಂಚೆಯವನು ತಂದುಕೊಟ್ಟ ಪೆಟ್ಟಿಗೆಯಲ್ಲಿ ಟೋಕಿಯೋದ ಸಭಾಂಗಣಕ್ಕೆ ಕರೆಯುವ ಆ ಕಾಗದವು ಹೊರಬಿದ್ದರೆ, ಅದನ್ನು ನೋಡಿ ನಗಬೇಕೋ ನಿಟ್ಟುಸಿರು ಬಿಡಬೇಕೋ ತಿಳಿಯದು.

ಇನ್ನು ಲೆಕ್ಕ. ಹನ್ನೆರಡು ಕಂತುಗಳ ಒಂದು ಕಥೆಗೆ ಆರು ಡಿಸ್ಕುಗಳು. ಒಂದಕ್ಕೆ 7,000 ಯೆನ್ನಿನಂತೆ 42,000 ಯೆನ್. ಯೆನ್ನಿಗೆ 60 ಪೈಸೆ ಎಂದು ಹಿಡಿದರೆ 25,200 ರೂಪಾಯಿ. ಸಾಗಣೆಗೆ 3,000 ಸೇರಿಸಿದರೆ 28,200. ಇಲ್ಲಿಗೆ ಮುಗಿಯಿತೆಂದು ನಿಟ್ಟುಸಿರು ಬಿಡುವಂತಿಲ್ಲ; ನಡುವೆ ಸುಂಕದ ಕಟ್ಟೆಯೊಂದಿದೆ. ಸ್ವಂತ ಬಳಕೆಗೆಂದು ಹೊರದೇಶದಿಂದ ತರಿಸಿದ ವಸ್ತುವಿನ ಮೇಲೆ 2021ರಲ್ಲಿ ಇದ್ದ ಮೂಲ ಸುಂಕ, ಅದರ ಮೇಲಿನ ಸರ್ಚಾರ್ಜು, ಜಿಎಸ್‌ಟಿ ಮೂರನ್ನೂ ಕೂಡಿದರೆ ನೂರಕ್ಕೆ 77ರಷ್ಟಾಗುತ್ತಿತ್ತು. ಅದೂ ವಸ್ತುವಿನ ಬೆಲೆಯ ಮೇಲೆ ಮಾತ್ರವಲ್ಲ, ಸಾಗಣೆಯ ವೆಚ್ಚವನ್ನೂ ಸೇರಿಸಿದ ಮೊತ್ತದ ಮೇಲೆ. ದರಗಳು ಕಾಲಕಾಲಕ್ಕೆ ಬದಲಾಗುತ್ತವೆ. ಆ ವರ್ಷದ ದರದಲ್ಲಿ ಲೆಕ್ಕ ಹಾಕಿದರೆ ಪೊಟ್ಟಣವು ಮನೆಯ ಬಾಗಿಲಿಗೆ ಬರುವ ಹೊತ್ತಿಗೆ 49,900 ರೂಪಾಯಿ ದಾಟುತ್ತದೆ. ಇದು ಬಾಲ್ಯದ ನೆನಪು, ವ್ಯಾಪಾರದ ಸರಕಲ್ಲ ಎಂದು ಯಾರಿಗೆ ಹೇಳುವುದು? ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ.

ಐವತ್ತು ಸಾವಿರ ರೂಪಾಯಿ ಎಂದರೆ ಹೊಳಲ್ಕೆರೆಯಲ್ಲಿ ಅದಕ್ಕೆ ಒಂದು ರೂಪವಿದೆ, ಒಂದು ತೂಕವಿದೆ. ಈಚಿನ ವರ್ಷಗಳಲ್ಲಿ ಒಂದು ಕ್ವಿಂಟಲ್ ರಾಶಿ ಅಡಿಕೆಯ ಬೆಲೆಯು ಅರ್ಧ ಲಕ್ಷದ ಆಸುಪಾಸಿನಲ್ಲಿ ಏರುತ್ತಾ ಇಳಿಯುತ್ತಾ ಇದೆ. ಕೊಯ್ದು, ಸುಲಿದು, ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಮೋಡ ಕಂಡಾಗಲೆಲ್ಲ ಓಡಿ ರಾಶಿ ಮಾಡಿ ಮುಚ್ಚಿ, ಮೂಟೆ ಕಟ್ಟಿ ಮಂಡಿಗೆ ಕಳುಹಿಸಿದ ಒಂದು ಕ್ವಿಂಟಲ್ ಅಡಿಕೆ ಒಂದು ತಕ್ಕಡಿಯಲ್ಲಿ. ಅಂಗೈಯಗಲದ ಆರು ತಟ್ಟೆಗಳು ಇನ್ನೊಂದರಲ್ಲಿ. ನೂರು ಕಿಲೋಗ್ರಾಂಗೆ ನೂರು ಗ್ರಾಂ ಸರಿತೂಗುವ ಇಂಥ ತಕ್ಕಡಿಯನ್ನು ಕಂಡರೆ ಮಂಡಿಯ ಸಾಹುಕಾರನೂ ಬೆರಗಾಗದಿರನು.

ಇಷ್ಟೆಲ್ಲ ಕೊಟ್ಟು ತರಿಸಿದ ಜಪಾನಿನ ಡಿಸ್ಕಿನಲ್ಲಿ ಬಹುತೇಕ ಇಂಗ್ಲಿಷ್ ಅಡಿಬರಹವೂ ಇರುವುದಿಲ್ಲ. ಜಪಾನೀ ಭಾಷೆ ಬಾರದವನಿಗೆ ಅದು ಮೂಕಿಚಿತ್ರ. ಆದ್ದರಿಂದ ಬಹುಮಂದಿ ಅಮೆರಿಕದ ಆವೃತ್ತಿಗೆ ಕೈಚಾಚುತ್ತಾರೆ. ಅಲ್ಲಿ ಹನ್ನೆರಡು ಕಂತುಗಳೂ ಒಂದೇ ಪೆಟ್ಟಿಗೆಯಲ್ಲಿ ಅರವತ್ತು ಡಾಲರಿನ ಸುಮಾರಿಗೆ ದೊರೆಯುತ್ತವೆ, ಅಡಿಬರಹವೂ ಇರುತ್ತದೆ. ಅದಕ್ಕೆ ಸಾಗಣೆ ಮೂವತ್ತು ಡಾಲರ್ ಎಂದಿಟ್ಟುಕೊಂಡರೆ, ಡಾಲರಿಗೆ 85 ರೂಪಾಯಿಯಂತೆ 7,650. ಅದೇ ಸುಂಕವನ್ನು ಹಾಕಿದರೆ 13,500 ರೂಪಾಯಿ ಮೀರುತ್ತದೆ. ಕಥೆಯ ಬೆಲೆ 5,100. ಅದು ಹೊಳಲ್ಕೆರೆಗೆ ನಡೆದು ಬಂದ ಕೂಲಿ 8,400. ಮೂಗಿಗಿಂತ ಮೂಗುತಿ ಭಾರ.

ಅಷ್ಟರಲ್ಲಿಯೂ ಒಂದು ಬೀಗ ಉಳಿದಿದೆ. ಚಲನಚಿತ್ರ ಸಂಸ್ಥೆಗಳು ಭೂಮಂಡಲವನ್ನು ತಮ್ಮ ಅನುಕೂಲಕ್ಕೆ ಹಂಚಿಕೊಂಡಿವೆ. ಡಿವಿಡಿಯ ಭೂಗೋಳದಲ್ಲಿ ಅಮೆರಿಕ ಒಂದನೆಯ ವಲಯ, ಜಪಾನು ಎರಡನೆಯದು, ಭಾರತ ಐದನೆಯದು. ಬ್ಲೂ-ರೇಯಲ್ಲಿ ಜಪಾನು ಅಮೆರಿಕಗಳೆರಡೂ ‘ಎ’ ವಲಯ, ಭಾರತ ‘ಸಿ’ ವಲಯ. ಒಂದು ವಲಯದ ಡಿಸ್ಕನ್ನು ಇನ್ನೊಂದು ವಲಯದ ಯಂತ್ರಕ್ಕೆ ಹಾಕಿದರೆ ಅದು ಬಾಯಿ ಬಿಡದು. ಬೀಗವಿಲ್ಲದ ಡಿಸ್ಕುಗಳೂ ಉಂಟು. ಆದರೆ ಅದನ್ನು ಕೊಳ್ಳುವ ಮೊದಲೇ ವಿಚಾರಿಸಿ ತಿಳಿಯಬೇಕು. ಎಲ್ಲ ವಲಯಗಳನ್ನೂ ಒಪ್ಪುವ ಯಂತ್ರವನ್ನು ತರಿಸುವುದೆಂದರೆ ಅದಕ್ಕೂ ಸಾಗಣೆ, ಅದಕ್ಕೂ ಸುಂಕ. ಯಂತ್ರಗಳೂ ಅಪರೂಪವಾಗುತ್ತಿವೆ. ಓಪ್ಪೋ ಕಂಪನಿಯು 2018ರಲ್ಲಿಯೂ, ಎಲ್‌ಜಿ ಕಂಪನಿಯು 2024ರಲ್ಲಿಯೂ ಬ್ಲೂ-ರೇ ಯಂತ್ರಗಳ ತಯಾರಿಕೆಯಿಂದ ಹಿಂದೆ ಸರಿದವು. ಮನೆಯಲ್ಲಿ ಬರೆದಿಡಬಹುದಾದ ಖಾಲಿ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು.

ಈ ಎಲ್ಲ ಹಾದಿಗಳಿಗಿಂತ ಅಗ್ಗದ ಹಾದಿ ಒಂದುಂಟು. ಅದು ನೆಂಟರ ಸೂಟ್‌ಕೇಸಿನ ಹಾದಿ. ಟೆಕ್ಸಾಸಿನಲ್ಲಿಯೋ ನ್ಯೂಜೆರ್ಸಿಯಲ್ಲಿಯೋ ನೆಲಸಿರುವ ಚಿಕ್ಕಪ್ಪನ ಮಗಳು ರಜೆಗೆ ಊರಿಗೆ ಬರುವ ಮುನ್ನ ಅವಳ ವಿಳಾಸಕ್ಕೆ ಡಿಸ್ಕುಗಳನ್ನು ತರಿಸಿಡಬೇಕು. 2016ರ ನಿಯಮಗಳಂತೆ ವಿಮಾನದಲ್ಲಿ ಮರಳುವ ಭಾರತೀಯ ಪ್ರಯಾಣಿಕನು ಐವತ್ತು ಸಾವಿರ ರೂಪಾಯಿ ಬೆಲೆಯ ಸಾಮಾನನ್ನು ಸುಂಕವಿಲ್ಲದೆ ತರಬಹುದಾಗಿತ್ತು. ಹೋಗುವಾಗ ಹುಳಿಪುಡಿ, ಚಟ್ನಿಪುಡಿ, ಮಾವಿನಮಿಡಿಯ ಉಪ್ಪಿನಕಾಯಿಗಳನ್ನು ಹೊತ್ತೊಯ್ಯುವ ಅದೇ ಪೆಟ್ಟಿಗೆಯು ಬರುವಾಗ ಜಪಾನಿನ ಕಥೆಗಳನ್ನು ಹೊತ್ತು ತರುತ್ತದೆ. ಈ ವ್ಯಾಪಾರದಲ್ಲಿ ಹಣಕ್ಕಿಂತ ಸಂಕೋಚದ ಖರ್ಚು ಹೆಚ್ಚು. ಎರಡು ಡಿಸ್ಕು ತರಲು ಹೇಳಬಹುದು. ಹತ್ತು ಹೇಳಿದರೆ ಮುಂದಿನ ಸಲ ಅಕ್ಕ ಊರಿಗೆ ಬರುವ ದಿನಾಂಕವನ್ನೇ ತಿಳಿಸಲಿಕ್ಕಿಲ್ಲ.

ಹೊಳಲ್ಕೆರೆಯಲ್ಲಿ ಅಂಥ ಒಂದು ಮನೆಯನ್ನು ಓದುಗರು ಕಲ್ಪಿಸಿಕೊಳ್ಳಲಿ. ಮಗನು ಬೆಂಗಳೂರಿನಲ್ಲಿ ಉದ್ಯೋಗಸ್ಥ. ಬಾಡಿಗೆಯ ಕೋಣೆಯಲ್ಲಿ ಸ್ಥಳವಿಲ್ಲದ್ದರಿಂದ ಪೊಟ್ಟಣಗಳು ಊರಿನ ವಿಳಾಸಕ್ಕೆ ಬರುತ್ತವೆ. ಸುಂಕದ ಹಣವನ್ನು ಅಂಚೆಯವನಿಗೆ ಎಣಿಸಿ ಕೊಡಬೇಕಾದವನು ತಂದೆ. ರಸೀತಿಯನ್ನು ನೋಡಿದೊಡನೆ ಅವನ ಹುಬ್ಬು ಗಂಟಿಕ್ಕುತ್ತದೆ.

“ಏನೋ ಇದು? ಇಷ್ಟು ದುಡ್ಡಿಗೆ ತೋಟಕ್ಕೆ ಒಂದು ಮೋಟರು ಬರ್ತಿತ್ತಲ್ಲೋ! ಫೋನಲ್ಲಿ ಬರೋ ಗೊಂಬೆ ಚಿತ್ರಕ್ಕೆ ಯಾರಾದ್ರೂ ಇಷ್ಟು ಸುರೀತಾರೇನೋ?”

“ಫೋನಲ್ಲಿ ಬರೋದು ನಮ್ಮದಲ್ಲಪ್ಪ. ಅವರು ಕೊಟ್ಟಷ್ಟು ದಿನ ನೋಡ್ಬೇಕು, ಅಷ್ಟೇ.”

ಒಳಗಿನಿಂದ ತಾಯಿಯು, “ಇರ್ಲಿ ಬಿಡ್ರಿ, ಕುಡಿಯೋದು ಸೇದೋದು ಏನೂ ಕಲ್ತಿಲ್ಲವಲ್ಲ” ಎನ್ನುತ್ತಾಳೆ. ಮಾತು ಅಲ್ಲಿಗೆ ನಿಲ್ಲುತ್ತದೆ. ಮುಂದಿನ ಪೊಟ್ಟಣ ಬರುವವರೆಗೆ.

ತಂದೆಯ ಸಿಟ್ಟಿಗೆ ಕಾರಣವಿದೆ. ಕೊಳವೆಬಾವಿ ಬತ್ತಿದ ಬೇಸಗೆಗಳನ್ನು ಕಂಡವನು ಅವನು. ಆದರೆ ಮಗನ ಮಾತೂ ಬರಿಯ ಸಮರ್ಥನೆಯಲ್ಲ. ಅಮೆರಿಕದಲ್ಲಿ ಫ್ಯೂನಿಮೇಷನ್ ಎಂಬ ಸಂಸ್ಥೆಯಿತ್ತು. ಡಿಸ್ಕು ಕೊಂಡವರಿಗೆ ಅದು ಒಂದು ಸಂಕೇತಾಕ್ಷರವನ್ನೂ ಕೊಡುತ್ತಿತ್ತು. ಅದನ್ನು ಒತ್ತಿದರೆ ಅದೇ ಚಿತ್ರದ ಡಿಜಿಟಲ್ ಪ್ರತಿಯೊಂದು ಅವರ ಖಾತೆಗೆ ಸೇರುತ್ತಿತ್ತು. ಎಂದೆಂದಿಗೂ ತಮ್ಮದೇ ಎಂದು ಜನ ನಂಬಿದ್ದರು. ಸಂಸ್ಥೆಯು ಕ್ರಂಚಿರೋಲ್‌ನೊಡನೆ ಒಂದಾದ ಬಳಿಕ 2024ರ ಏಪ್ರಿಲ್ 2ರಂದು ಆ ಸೇವೆ ಮುಚ್ಚಿತು. ಡಿಜಿಟಲ್ ಪ್ರತಿಗಳೂ ಹೋದವು. ಯಾರ ಮನೆಯ ಕಪಾಟಿನಲ್ಲಿ ಡಿಸ್ಕು ಇತ್ತೋ ಅವರದು ಮಾತ್ರ ಉಳಿಯಿತು.

ಕನ್ನಡಿಗರಿಗೆ ಈ ನಷ್ಟದ ಅರ್ಥವನ್ನು ಅಮೆರಿಕದಿಂದ ಕಲಿಯಬೇಕಾದ ಅಗತ್ಯವಿಲ್ಲ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ‘ಸತಿ ಸುಲೋಚನ’ ಕನ್ನಡದ ಮೊದಲ ವಾಕ್ಚಿತ್ರ. ವೈ.ವಿ. ರಾವ್ ನಿರ್ದೇಶಿಸಿದರು, ಸುಬ್ಬಯ್ಯನಾಯ್ಡು, ನಾಗೇಂದ್ರರಾಯರು, ತ್ರಿಪುರಾಂಬ ಅಭಿನಯಿಸಿದರು, ಕೊಲ್ಲಾಪುರದ ಸ್ಟುಡಿಯೋದಲ್ಲಿ ಚಿತ್ರೀಕರಣ ನಡೆಯಿತು. ಇವೆಲ್ಲ ಬರಹದಲ್ಲಿ ಉಳಿದಿವೆ. ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ಸಾಮಾನ್ಯ ಸಂಸಾರಸ್ಥನೊಬ್ಬ ಚಲನಚಿತ್ರದ ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವ ಉಪಾಯವೇ ಅಂದು ಇರಲಿಲ್ಲ. ಇದ್ದಿದ್ದರೆ, ಹುಣಸೂರಿನಲ್ಲಿಯೋ ಹೊಳಲ್ಕೆರೆಯಲ್ಲಿಯೋ ಒಬ್ಬ ಹುಚ್ಚನು ಮನೆಯವರಿಂದ ಬೈಸಿಕೊಂಡಾದರೂ ಒಂದು ಪ್ರತಿಯನ್ನು ಟ್ರಂಕಿನಲ್ಲಿ ಇಡುತ್ತಿದ್ದನೇನೋ.

ಇಟ್ಟರೆ ಸಾಲದು, ಕಾಪಾಡಬೇಕು. ಬಯಲು ಗಣಪತಿಗೆ ಸೂರು ಬೇಡವಾದರೂ ಡಿಸ್ಕಿಗೆ ಬೇಕು. ಡಿವಿಡಿಯ ಬರಹವು ತಟ್ಟೆಯ ಮೈಯ ಒಳಗೆ 0.6 ಮಿಲಿಮೀಟರ್ ಆಳದಲ್ಲಿ ಅಡಗಿರುತ್ತದೆ. ಬ್ಲೂ-ರೇಯ ಬರಹಕ್ಕೆ ಹೊದಿಕೆಯು 0.1 ಮಿಲಿಮೀಟರ್ ಮಾತ್ರ. ಅದರ ಮೇಲೊಂದು ಗಟ್ಟಿ ಲೇಪವಿರುತ್ತದೆ, ನಿಜ. ಆದರೂ ಏಪ್ರಿಲ್ ತಿಂಗಳ ಬಿಸಿಲು ಬೀಳುವ ಕಿಟಕಿಯ ಪಕ್ಕದಲ್ಲಿ ಕಪಾಟನ್ನು ಇಡಬಾರದು. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಬೇಕು. ಒರೆಸುವಾಗ ನಡುವಿನಿಂದ ಅಂಚಿನ ಕಡೆಗೆ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು, ಸುತ್ತಿ ಸುತ್ತಿ ಉಜ್ಜಬಾರದು. ಅಡಿಕೆಯ ಸಿಪ್ಪೆಯ ಧೂಳು ಹಾರುವ ಕಾಲದಲ್ಲಿ ಕಪಾಟಿನ ಬಾಗಿಲು ಮುಚ್ಚಿರುವುದೇ ಲೇಸು. ಈ ವಿಷಯದಲ್ಲಿ ತಾಯಂದಿರು ಮಕ್ಕಳಿಗಿಂತ ಶ್ರದ್ಧಾವಂತರು. ರೇಷ್ಮೆಸೀರೆಗಳನ್ನು ಮೂವತ್ತು ವರ್ಷ ಕೆಡದಂತೆ ಇಟ್ಟವರಿಗೆ ಡಿಸ್ಕೊಂದು ಕಷ್ಟವೇ?

ಅಂಥ ಕಪಾಟಿನ ಕೆಳಗಿನ ಅರೆಯನ್ನು ತೆರೆದರೆ ಹೊಳಲ್ಕೆರೆಯ ಇನ್ನೊಂದು ಸಂಗ್ರಹ ಕಾಣಬಹುದು. ಅದು ಮಗನದಲ್ಲ, ತಂದೆತಾಯಿಯರದು. 2007ರಲ್ಲಿ ಮೋಸರ್ ಬೇರ್ ಕಂಪನಿಯು ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರುಕಟ್ಟೆಗೆ ಬಿಟ್ಟಿತು. ಕನ್ನಡದ ಚಿತ್ರಗಳೂ ಆ ದರದಲ್ಲಿ ಬಂದವು. ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಬಾಳೆಹಣ್ಣಿನ ಪಕ್ಕದಲ್ಲಿ ಚಲನಚಿತ್ರಗಳು ತೂಗಾಡುತ್ತಿದ್ದ ಕಾಲ ಅದು. ಒಂದು ವಿಸಿಡಿಯಲ್ಲಿ ಎಪ್ಪತ್ತೈದು ಎಂಬತ್ತು ನಿಮಿಷ ಮಾತ್ರ ಹಿಡಿಯುವುದರಿಂದ ಪೂರ್ತಿ ಚಿತ್ರಕ್ಕೆ ಎರಡೋ ಮೂರೋ ತಟ್ಟೆಗಳು ಬೇಕಾಗುತ್ತಿದ್ದವು. ಅಗ್ಗವೆಂದು ಯಾರೂ ಅದನ್ನು ಜೋಪಾನ ಮಾಡಲಿಲ್ಲ. ಮಕ್ಕಳು ಚಕ್ರ ಮಾಡಿ ಆಡಿದರು; ತೋಟದಲ್ಲಿ ಹಕ್ಕಿಗಳನ್ನು ಬೆದರಿಸಲು ದಾರ ಕಟ್ಟಿ ತೂಗುಹಾಕಿದರು. ಆ ಕಂಪನಿಯು ಸಾಲದಲ್ಲಿ ಮುಳುಗಿ 2018ರಲ್ಲಿ ಅದರ ಪರಿಸಮಾಪ್ತಿಗೆ ಆದೇಶವಾಯಿತು.

ಅದೇ ವರ್ಷದ ಜುಲೈ ತಿಂಗಳಲ್ಲಿ ‘ನಾಗರಹಾವು’ ಹೊಸದಾಗಿ ಶುದ್ಧಗೊಂಡು ಮತ್ತೆ ತೆರೆಗೆ ಬಂತು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ಮಾಡಿದ ಚಿತ್ರ. ಹೊಳಲ್ಕೆರೆಯವರಿಗೆ ಅದು ಬರಿಯ ಚಿತ್ರವಲ್ಲ, ನೆರೆಯ ಊರಿನ ಭಾವಚಿತ್ರ. ರಾಮಾಚಾರಿ ನಡೆದಾಡಿದ ಬಂಡೆಗಳನ್ನು ಅವರು ಬಸ್ಸಿನ ಕಿಟಕಿಯಿಂದ ದಿನವೂ ಕಾಣುತ್ತಾರೆ. ಆ ಚಿತ್ರದ ತಟ್ಟೆಯೂ ಇಂಥ ಎಷ್ಟೋ ಮನೆಗಳಲ್ಲಿದೆ. ಎರಡನೆಯ ತಟ್ಟೆಗೆ ಗೀರು ಬಿದ್ದಿರುತ್ತದೆ. ಮಗನು ರಜೆಗೆ ಬಂದಾಗ, ಜಪಾನಿನ ಡಿಸ್ಕಿಗೆಂದು ತರಿಸಿದ ದುಬಾರಿ ಯಂತ್ರದಲ್ಲಿ ಇದೂ ಓಡುತ್ತದೆಯೇ ಎಂದು ತಂದೆಯು ಮೆಲ್ಲನೆ ವಿಚಾರಿಸುತ್ತಾನೆ. ಹಾಕಿ ನೋಡಿದರೆ ಸಾಮಾನ್ಯವಾಗಿ ಓಡುತ್ತದೆ. ಗೀರು ಬಂದ ಕಡೆ ಚಿತ್ರವು ಚೌಕಚೌಕವಾಗಿ ಒಡೆದು ನಿಲ್ಲುತ್ತದೆ. ಆಗ ಮಗನು ಅದನ್ನು ಹೊರತೆಗೆದು, ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಿ, ಮತ್ತೊಮ್ಮೆ ಹಾಕುತ್ತಾನೆ.